ಎರಡು ದಿನ ನೋಡೋಣ ತಾತ

ಈ ಭಾನುವಾರ 14 ಟೊಮೇಟೊ ಗಿಡ ಕಿತ್ತು ಕಸದ ಕವರಿಗೆ ತುಂಬಿದೆ. ಎಲ್ಲದರಲ್ಲೂ ಕಾಯಿ ಇತ್ತು. ಎರಡು ಗೊಂಚಲು ಆಗಷ್ಟೇ ಬಣ್ಣ ತಿರುಗುತ್ತಿತ್ತು, ಗಣೇಶನ ಹಬ್ಬದ ಸಾರಿಗೆ ಮನೆಯದೇ ಹಣ್ಣು ಅಂತ ಲೆಕ್ಕ ಹಾಕಿಕೊಂಡಿದ್ದೆ. ಟೊಮೇಟೊ ಗಿಡ ಮುಟ್ಟಿದರೆ ಕೈಗೆ ಹಸಿರು ಹತ್ತುತ್ತದಲ್ಲ, ಆ ವಾಸನೆ ಎಷ್ಟು ತೊಳೆದರೂ ಹೋಗಿಲ್ಲ.

ಬುಧವಾರವೇ ಕೀಳಬೇಕಿತ್ತು. ತಾತ ಹೇಳಿದ್ದರು.

ತಾತ ಅಂದರೆ ನಮ್ಮ ಕೆಳಗಿನ ಮನೆಯವರ ಅಪ್ಪ. ಹಾಸನದ ಕಡೆಯವರು, ಮಗನ ಜೊತೆ ಇರೋಣ ಅಂತ ವಿಜಯನಗರಕ್ಕೆ ಬಂದು ಎರಡು ವರ್ಷವಾಯಿತು. ಬೆಳಿಗ್ಗೆ ಟೆರೇಸಿಗೆ ಬಂದು ಬಿಸಿಲಿಗೆ ಕೂರುತ್ತಾರೆ. ಮಾತು ಕಡಿಮೆ. ಮಗ ಒಳ್ಳೆಯವನೇ, ಆದರೆ ಅಪ್ಪನನ್ನು ಯಾವುದಕ್ಕೂ ಒಂದು ಮಾತು ಕೇಳುವುದಿಲ್ಲ. 'ನಿಂಗೆ ಗೊತ್ತಾಗಲ್ಲ ಸುಮ್ನಿರಪ್ಪ' ಅಂತ ನಮ್ಮೆದುರಿಗೇ ಅನ್ನುತ್ತಾನೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ಬುಧವಾರ ನಾನು ಮಾಡಿದ್ದೂ ಅದನ್ನೇ.

ಮೂರು ದಿನದಿಂದ ಜಿಟಿಜಿಟಿ ಮಳೆ, ಬಿಸಿಲೇ ಇರಲಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಗಿಡದಲ್ಲಿ ಎಲೆ ಮೇಲೆ ಎಣ್ಣೆ ಬಿದ್ದ ಹಾಗೆ ಕಪ್ಪು ಮಚ್ಚೆ ಕಂಡಿತು. ನನಗೆ ಗಾಬರಿ ಆಗಲಿಲ್ಲ. ಹೋದ ವರ್ಷ ನಾಟಿ ಟೊಮೇಟೊಗೂ ಮಚ್ಚೆ ಬಂದಿತ್ತು, ಕೆಳಗಿನ ಎಲೆಗಳಲ್ಲಿ, ಒಂದರೊಳಗೊಂದು ಬಳೆ ಇಟ್ಟ ಹಾಗೆ ಕಂದು ಉಂಗುರ. ಅದು ಮುಂಚಿನ ಅಂಗಮಾರಿ, ಆಲ್ಟರ್ನೇರಿಯಾ ಅನ್ನುವ ಶಿಲೀಂಧ್ರದ್ದು. ಆ ಎಲೆ ಕತ್ತರಿಸಿ, ಬುಡಕ್ಕೆ ಒಣಹುಲ್ಲು ಹಾಸಿ, ಮಣ್ಣು ಎಲೆಗೆ ಸಿಡಿಯದ ಹಾಗೆ ನೋಡಿಕೊಂಡೆ, ಗಿಡ ಉಳಿಯಿತು. ಈ ಸಲ ಹಾಕಿದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುರುಟು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುವ ತಳಿ. ಇನ್ನೇನು ಭಯ ಅಂತ ಇದ್ದೆ. ಬಂದದ್ದು ನಾಲ್ಕನೆಯದು.

ತಾತ ಎದ್ದು ಬಂದರು. ಎಲೆಯನ್ನು ಮಗುಚಿ ಹಿಡಿದರು. ಅಡಿಯಲ್ಲಿ, ಮಚ್ಚೆಯ ಅಂಚಿಗೆ, ಅಕ್ಕಿ ಹಿಟ್ಟು ಉದುರಿದ ಹಾಗೆ ತೆಳ್ಳಗೆ ಬಿಳಿ ಬೂಸ್ಟು.

"ಅಂಗಮಾರಿ. ಕಿತ್ತಾಕ್ಬುಡು ಮಗಾ, ಇವತ್ತೇ."

"ಎರಡು ದಿನ ನೋಡೋಣ ತಾತ."

"ನಾವೂ ಹಂಗೇ ಅಂದಿದ್ವಿ."

ಅಷ್ಟೇ. ಪಂಚೆಗೆ ಕೈ ಒರೆಸಿಕೊಂಡು ಕೆಳಗೆ ಹೋದರು.

ನಾನು ನರ್ಸರಿಗೆ ಹೋದೆ. ಅಲ್ಲಿನ ಹುಡುಗ ಫೋಟೋ ಸರಿಯಾಗಿ ನೋಡಲೂ ಇಲ್ಲ, ಕಾಪರ್ ಆಕ್ಸಿಕ್ಲೋರೈಡ್ ಪೊಟ್ಟಣ ಕೊಟ್ಟು, ಲೀಟರಿಗೆ 3 ಗ್ರಾಂ, ಗ್ಯಾರಂಟಿ ಹೋಗುತ್ತೆ ಮೇಡಂ ಅಂದ. ತಾಮ್ರದ ಔಷಧಿ ರೋಗ ಇನ್ನೂ ತಾಗದ ಎಲೆಯನ್ನು ಕಾಯುತ್ತದೆ, ಒಳಗೆ ಹೊಕ್ಕ ರೋಗವನ್ನು ಅದು ವಾಸಿ ಮಾಡುವುದಿಲ್ಲ. ಅಷ್ಟಾದರೂ ತಿಳಿದಿರಬೇಕಲ್ವಾ, ಮಾರುವವನಿಗೆ. ಗುರುವಾರ ಮಳೆ ನಿಂತ ಒಂದು ಗಂಟೆಯಲ್ಲಿ ಸಿಂಪಡಿಸಿದೆ. ಶುಕ್ರವಾರ ಕಾಂಡದ ಮೇಲೆ ಕಪ್ಪು ಪಟ್ಟೆ. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಕುದಿಯುವ ನೀರು ಸುರಿದ ಹಾಗೆ ಅರ್ಧಕ್ಕರ್ಧ ಗಿಡ ಜೋತುಬಿದ್ದಿತ್ತು. ಕಾಯಿಗಳ ಭುಜದ ಮೇಲೆ ಕಂದು ಕಲೆ, ಒತ್ತಿದರೆ ಗಟ್ಟಿ.

ಇದು ಕೊನೆ ಅಂಗಮಾರಿ. ಅದನ್ನು ತರುವ ರೋಗಾಣುವಿನ ಹೆಸರು ಫೈಟಾಫ್ತೊರಾ ಇನ್ಫೆಸ್ಟಾನ್ಸ್. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಬಂಧು. ತಂಪು ಇರಬೇಕು, ಎಲೆ ಗಂಟೆಗಟ್ಟಲೆ ಒದ್ದೆ ಇರಬೇಕು, ಬೆಂಗಳೂರಿನ ಮಳೆಗಾಲದ ರಾತ್ರಿ ಎರಡನ್ನೂ ಕೊಡುತ್ತದೆ. ಅದರ ಮೇಲೆ ನಾನು ಸಂಜೆ ಪೈಪಿನಲ್ಲಿ ಎಲೆ ತೋಯುವ ಹಾಗೆ ನೀರು ಬಿಡುತ್ತಿದ್ದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಬಿದ್ದದ್ದೂ ಇದೇ. ಅದರಿಂದ ಶುರುವಾದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇದನ್ನು ನಾನು ಎಂದೋ ಓದಿದ್ದೆ. ನನ್ನ ಕುಂಡದಲ್ಲಿರುವುದು ಅದೇ ಅಂತ ಹೊಳೆದಿರಲಿಲ್ಲ.

ಶನಿವಾರ ಸಂಜೆ ಕೆಳಗೆ ಹೋಗಿ ಕೇಳಿದೆ. ನಾವೂ ಹಂಗೇ ಅಂದಿದ್ವಿ ಅಂದರಲ್ಲ ತಾತ, ಯಾವಾಗ?

ಅವರದು ಎರಡು ಎಕರೆ ಆಲೂಗಡ್ಡೆ. ಜಲಂಧರದ ಬಿತ್ತನೆ ಗಡ್ಡೆ, ಸಾಲ ಮಾಡಿ ತಂದದ್ದು. ಒಂದು ವಾರ ಮೋಡ ಬಿಡಲೇ ಇಲ್ಲ. ಹೊಲದ ಒಂದು ಮೂಲೆಯಲ್ಲಿ ಮಚ್ಚೆ ಕಂಡಾಗ ಹೆಂಡತಿ, ಅಷ್ಟು ಸಾಲು ಕಿತ್ತುಬಿಡೋಣ ಅಂದರಂತೆ. ಇವರು ಎರಡು ದಿನ ನೋಡೋಣ ಅಂದರು. ಎಂಟು ದಿನದಲ್ಲಿ ಹೊಲ ಕಪ್ಪಾಯಿತು. "ನಮ್ದು ಹೋದ್ರೆ ಹೋಗ್ಲಿ. ಪಕ್ಕದ ಹೊಲದೋನ್ದೂ ಹೋಯ್ತು. ನಿಮ್ಮಿಂದ ಬಂತು ಅಂದ. ಸಾಯೋವರ್ಗೂ ಮಾತಾಡಿಸ್ಲಿಲ್ಲ." ಆಮೇಲೆ ಅವರು ಜೋಳಕ್ಕೆ ಬದಲಾದರು. ಆಲೂಗಡ್ಡೆ ಮುಟ್ಟಲಿಲ್ಲ.

ಅವರ ಮಗ ಸೋಫಾದ ಮೇಲೆ ಕೂತು ಇದನ್ನೆಲ್ಲಾ ಕೇಳುತ್ತಿದ್ದ. ಅವನಿಗೆ ಈ ಕತೆ ಗೊತ್ತಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ನಮ್ಮ ಬೀದಿಯಲ್ಲೇ ಇಂಥವರು ಐದಾರು ಜನ ಇದ್ದಾರೆ. ಹೊಲ ಬಿಟ್ಟು ಬಂದು, ಟೆರೇಸಿನಲ್ಲೋ ಪಾರ್ಕಿನ ಬೆಂಚಿನಲ್ಲೋ ಕೂತಿರುವವರು. ಎಲೆ ಮಗುಚಿ ನೋಡಿದರೆ ರೋಗದ ಹೆಸರು ಹೇಳಬಲ್ಲವರು. ನಾವು ಅವರನ್ನು ಊಟ ಆಯ್ತಾ ಅಂತ ಬಿಟ್ಟು ಇನ್ನೇನೂ ಕೇಳುವುದಿಲ್ಲ. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ 100 ರೂಪಾಯಿ ದಾಟಿದಾಗ ಇಡೀ ಊರು ಬೆಲೆಯ ಬಗ್ಗೆ ಮಾತಾಡಿತು, ನಾನೂ ಮಾತಾಡಿದೆ, ಇವರಲ್ಲಿ ಒಬ್ಬರನ್ನಾದರೂ ಬೆಳೆಯ ಬಗ್ಗೆ ಕೇಳಬಹುದಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಪಕ್ಕದ ಟೆರೇಸಿನಲ್ಲಿ ಆಂಟಿಯ ಆರು ಟೊಮೇಟೊ ಗಿಡ ಇವೆ. ಮಧ್ಯೆ ಇರುವುದು ಬರೀ ಎಂಟು ಅಡಿ ಗಾಳಿ. ಬೆಳಿಗ್ಗೆ ಎದ್ದವಳೇ ಹೋಗಿ ಹೇಳಿದೆ, ನನ್ನ ಗಿಡಕ್ಕೆ ಹೀಗಾಗಿದೆ, ನಾನು ತಡ ಮಾಡಿದೆ, ನಿಮ್ಮದನ್ನು ದಿನಾ ಎಲೆ ಮಗುಚಿ ನೋಡಿ ಅಂತ. ಅವರು ಬೈಯಲಿಲ್ಲ. ಕಾಫಿ ಕೊಟ್ಟರು.

ಕೀಳುವಾಗ ತಾತನೂ ಬಂದರು. ಗಿಡವನ್ನು ಕೊಡವಬೇಡ, ಮೊದಲು ಕವರು ಮುಚ್ಚಿ ಆಮೇಲೆ ಬುಡ ಕೀಳು ಅಂತ ತೋರಿಸಿಕೊಟ್ಟರು. ಗೊಬ್ಬರದ ಡಬ್ಬಕ್ಕೆ ಒಂದೆಲೆಯೂ ಬೀಳಬಾರದು. ಹೆಸರಘಟ್ಟದ್ದೇ ಅರ್ಕಾ ಅಭೇದ್ ಅಂತ ಇನ್ನೊಂದು ತಳಿ ಇದೆ, ಈ ಕೊನೆ ಅಂಗಮಾರಿಯನ್ನೂ ತಡೆಯುತ್ತದೆ, ಮುಂದಿನ ಸಲ ಅದನ್ನೇ ತರುತ್ತೇನೆ ಅಂದೆ. ತರು ಅಂದರು.

ಎಲ್ಲಾ ಮುಗಿದ ಮೇಲೆ ಟ್ಯಾಂಕಿನ ಹಿಂದೆ ಇದ್ದ ಪೇಂಟ್ ಡಬ್ಬಿಯ ಮುಂದೆ ನಿಂತರು. ಅಡುಗೆಮನೆಯಲ್ಲಿ ಮೊಳಕೆ ಬಂದಿದ್ದ ಆಲೂಗಡ್ಡೆಯನ್ನು ಜುಲೈನಲ್ಲಿ ನಾನೇ ಅದರಲ್ಲಿ ಹೂತಿದ್ದೆ, ಮರೆತೂ ಬಿಟ್ಟಿದ್ದೆ. ಗಿಡ ಕಪ್ಪಗೆ ಮಲಗಿತ್ತು. ತಾತ ಕುಕ್ಕರುಗಾಲಲ್ಲಿ ಕೂತು ಮಣ್ಣೊಳಗೆ ಕೈ ಹಾಕಿದರು. ನೆಲ್ಲಿಕಾಯಿ ಗಾತ್ರದ ಒಂದು ಗಡ್ಡೆ ಸಿಕ್ಕಿತು. ಹೆಬ್ಬೆರಳಿನಿಂದ ಮಣ್ಣು ಉಜ್ಜಿ, ಉಗುರಿನಿಂದ ಸಿಪ್ಪೆ ಕೆರೆದರು. ಒಳಗೆ ತುಕ್ಕಿನ ಬಣ್ಣ. ನನ್ನ ಕಡೆ ಹಿಡಿದು ತೋರಿಸಿದರು, ಏನೂ ಹೇಳಲಿಲ್ಲ, ಕವರಿಗೆ ಹಾಕಿ ಗಂಟು ಕಟ್ಟಿದರು.