ಒಂದು ಮರಳು ನೊಣಕ್ಕೆ ಎರಡು ಕುಲನಾಮ

ಮರಳು ನೊಣಗಳೆಂಬ ರಕ್ತ ಹೀರುವ ಪುಟ್ಟ ಕೀಟಗಳ ವರ್ಗೀಕರಣವನ್ನು ಓದತೊಡಗಿದಾಗ ನನ್ನನ್ನು ಮೊದಲು ಕಂಗೆಡಿಸಿದ್ದು, ಬ್ರೆಜಿಲ್‌ನಲ್ಲಿ ಚರ್ಮದ ಲೀಶ್ಮೇನಿಯಾಸಿಸ್ (ಲೀಶ್ಮೇನಿಯಾ ಎಂಬ ಏಕಕೋಶಿ ಪರಾವಲಂಬಿ ತರುವ ಹುಣ್ಣಿನ ರೋಗ) ಹರಡುವ ಒಂದೇ ಕೀಟವನ್ನು ಒಂದು ಪ್ರಬಂಧ ಲುಟ್ಝೋಮಿಯಾ ವಿಟ್ಮನಿ ಎಂದೂ ಮತ್ತೊಂದು ನಿಸ್ಸೋಮಿಯಾ ವಿಟ್ಮನಿ ಎಂದೂ ಕರೆದಿದ್ದುದು. ಮುದ್ರಣದೋಷವಿರಬೇಕೆಂದುಕೊಂಡೆ. ಎರಡೂ ಸರಿ ಎಂದು ತಿಳಿಯಲು, ಈ ಕೀಟಗಳ ಬಂಧುತ್ವದ ಬಗ್ಗೆ ಹಲವು ದಶಕಗಳಿಂದ ನಡೆದಿರುವ ವಾದವನ್ನೇ ಓದಬೇಕಾಯಿತು.

ಸೈಕೋಡಿಡೇ ಕುಟುಂಬದ ಫ್ಲೆಬೋಟೋಮಿನೇ ಉಪಕುಟುಂಬಕ್ಕೆ ಸೇರಿದ ಮರಳು ನೊಣಗಳಲ್ಲಿ ಸುಮಾರು 1000 ಪ್ರಭೇದಗಳಿದ್ದು, ಮನುಷ್ಯನಿಗೆ ಲೀಶ್ಮೇನಿಯಾ ಪರಾವಲಂಬಿಯನ್ನು ದಾಟಿಸುತ್ತವೆಂದು ಸಾಬೀತಾಗಿರುವ ಅಥವಾ ಶಂಕಿಸಲಾಗಿರುವ ಪ್ರಭೇದಗಳು ಅವುಗಳಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. (ಹೆಸರು ಮರಳಿನದ್ದಾದರೂ ಇವುಗಳ ಮರಿಹುಳುಗಳು ಬೆಳೆಯುವುದು ಕೊಳೆತ ಸಾವಯವ ಪದಾರ್ಥವಿರುವ ತೇವದ ಮಣ್ಣಿನಲ್ಲಿ.) 1977ರಲ್ಲಿ ಲೂಯಿಸ್ ಮತ್ತು ಸಂಗಡಿಗರು ಮುಂದಿಟ್ಟ ವ್ಯವಸ್ಥೆಯಲ್ಲಿ ಕೆಲವೇ ಕುಲಗಳಿದ್ದವು (ಹತ್ತಿರದ ಪ್ರಭೇದಗಳ ಗುಂಪೇ ಕುಲ, ಜೋಡಿ ಹೆಸರಿನ ಮೊದಲ ಪದ ಅದರದ್ದು): ಏಷ್ಯಾ, ಆಫ್ರಿಕಾ, ಯುರೋಪ್ ಸೇರಿದ ಹಳೆಯ ಜಗತ್ತಿಗೆ ಫ್ಲೆಬೋಟೋಮಸ್ ಮತ್ತು ಸರ್ಜೆಂಟೋಮಿಯಾ, ಅಮೆರಿಕ ಖಂಡಗಳಿಗೆ ಲುಟ್ಝೋಮಿಯಾ, ಬ್ರಂಪ್ಟೋಮಿಯಾ ಮತ್ತು ವಾರಿಲೇಯಾ. ಹೊಟ್ಟೆಯ ಮೇಲಿನ ರೋಮಗಳು ನೆಟ್ಟಗೆ ನಿಂತಿದ್ದರೆ ಫ್ಲೆಬೋಟೋಮಸ್, ಒರಗಿದ್ದರೆ ಸಾಮಾನ್ಯವಾಗಿ ಸರ್ಜೆಂಟೋಮಿಯಾ. ಕ್ಷೇತ್ರದಲ್ಲಿ ದುಡಿಯುವವರಿಗೆ ಇದು ಒಗ್ಗಿತು. ಆದರೆ ಲುಟ್ಝೋಮಿಯಾ ಎಂಬ ಒಂದೇ ಚೀಲದೊಳಗೆ ನೂರಾರು ಪ್ರಭೇದಗಳು ತುಂಬಿಕೊಂಡವು.

ಬ್ರೆಜಿಲ್‌ನ ಕೀಟತಜ್ಞೆ ಯೂನಿಸ್ ಗಲಾಟಿ 1995ರಲ್ಲಿಯೂ 2003ರಲ್ಲಿಯೂ ಆ ಚೀಲವನ್ನು ಬಿಚ್ಚಿ, ಹೆಣ್ಣಿನ ವೀರ್ಯಸಂಚಿಯ ಆಕಾರ, ಬಾಯಿಯ ಕುಹರದ ಹಲ್ಲುಗಳು, ಗಂಡಿನ ಜನನಾಂಗದ ಮುಳ್ಳುಗಳ ಜೋಡಣೆ ಮುಂತಾದ ಲಕ್ಷಣಗಳಲ್ಲಿ ಯಾವುದು ಪೂರ್ವಜರಿಂದ ಬಂದದ್ದು, ಯಾವುದು ಆಮೇಲೆ ಮೂಡಿದ್ದು ಎಂದು ವಿಂಗಡಿಸಿ, ಅಮೆರಿಕದ ಮರಳು ನೊಣಗಳನ್ನು ಇಪ್ಪತ್ತಕ್ಕೂ ಹೆಚ್ಚು ಕುಲಗಳಾಗಿ ಜೋಡಿಸಿದರು. ನಿಸ್ಸೋಮಿಯಾ, ಸೈಕೋಡೋಪೈಗಸ್, ಬೈಕ್ರೋಮೋಮಿಯಾ ಎಂಬ ಹೆಸರುಗಳು ಸ್ವತಂತ್ರ ಕುಲಗಳಾಗಿ ನಿಂತದ್ದು ಹೀಗೆ. ಹಳೆಯ ಹೆಸರಿಗೆ ಒಗ್ಗಿಹೋದ ವೈದ್ಯರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಒಲವು ಗಲಾಟಿಯವರ ಕಡೆಗೇ, ಏಕೆಂದರೆ ಹೆಸರು ಸಂಬಂಧವನ್ನು ಹೇಳಿದಾಗ ಮಾತ್ರ ಅದರಿಂದ ಮುಂದಿನ ಊಹೆಗೆ ದಾರಿಯಾಗುತ್ತದೆ.

ಅಂಥ ಊಹೆ ಎಷ್ಟು ದೂರ ನಡೆಯುತ್ತದೆ ಎಂಬುದಕ್ಕೆ ಹಳೆಯ ಜಗತ್ತಿನ ಉದಾಹರಣೆಗಳೇ ಚೆನ್ನಾಗಿವೆ. 1786ರಲ್ಲಿ ಸ್ಕೋಪೋಲಿ ವರ್ಣಿಸಿದ ಫ್ಲೆಬೋಟೋಮಸ್ ಪಪಟಾಸಿಯ ನಡುಗರುಳಿನಲ್ಲಿ ಗ್ಯಾಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಲೀಶ್ಮೇನಿಯಾ ಮೇಜರ್‌ನ ಮೇಲ್ಮೈಯಲ್ಲಿರುವ ಗ್ಯಾಲಕ್ಟೋಸ್ ಸರಪಳಿಗಳು ಅದಕ್ಕೆ ಅಂಟಿಕೊಳ್ಳುವುದರಿಂದ, ರಕ್ತ ಜೀರ್ಣವಾಗಿ ಹೊರಹೋಗುವಾಗಲೂ ಪರಾವಲಂಬಿ ಒಳಗೇ ಉಳಿಯುತ್ತದೆ. ಅದೇ ಉಪಕುಲದ ಹತ್ತಿರದ ನಂಟ ಫ್ಲೆಬೋಟೋಮಸ್ ಡುಬೋಸ್ಕಿ ಕೂಡ ಅದೇ ಪರಾವಲಂಬಿಯ ವಾಹಕ. ಇಷ್ಟರವರೆಗೆ ವಂಶವೃಕ್ಷ ನಂಬಿಕೆಗೆ ಅರ್ಹ. ಆದರೆ ಕಾಲಾ ಅಜಾರ್ ಜ್ವರ ತರುವ ಲೀಶ್ಮೇನಿಯಾ ಡೊನೊವಾನಿಯನ್ನು ಇದೇ ಫ್ಲೆಬೋಟೋಮಸ್ ಕುಲದ ಪ್ರಭೇದಗಳಾದ ಭಾರತದಲ್ಲಿ ಅರ್ಜೆಂಟಿಪಸ್, ಪೂರ್ವ ಆಫ್ರಿಕಾದಲ್ಲಿ ಓರಿಯೆಂಟಾಲಿಸ್ ಮತ್ತು ಮಾರ್ಟಿನಿ ಹೊರುತ್ತವೆ, ಈ ಮೂರೂ ಮೂರು ಬೇರೆ ಉಪಕುಲಗಳವು. ಅರ್ಜೆಂಟಿಪಸ್‌ನಂಥವು ಪ್ರಯೋಗಾಲಯದಲ್ಲಿ ಹಲವು ಬಗೆಯ ಲೀಶ್ಮೇನಿಯಾಗಳಿಗೆ ಬಾಗಿಲು ತೆರೆಯುತ್ತವೆ.

ಪ್ರಭೇದಗಳ ಗಡಿಯೂ ಗಟ್ಟಿಯಲ್ಲ. ಬ್ರೆಜಿಲ್‌ನ ಲುಟ್ಝೋಮಿಯಾ ಲಾಂಗಿಪಾಲ್ಪಿಸ್ ಎಂಬುದು ಒಂದೇ ಪ್ರಭೇದವಲ್ಲ, ಒಂದು ಸಂಕೀರ್ಣ, ಅಂದರೆ ನೋಡಲು ಒಂದೇ ಥರ ಇರುವ ಹಲವು ಪ್ರಭೇದಗಳ ಗುಂಪು. ಗಂಡುಗಳು ಮಿಲನದ ವೇಳೆ ರೆಕ್ಕೆಯಿಂದ ಹೊರಡಿಸುವ ದನಿಯೂ ಹೆಣ್ಣುಗಳನ್ನು ಕರೆಯುವ ಫೆರೊಮೋನ್‌ಗಳೆಂಬ ವಾಸನೆಯ ರಾಸಾಯನಿಕಗಳೂ ಒಂದು ಗುಂಪಿನಿಂದ ಇನ್ನೊಂದಕ್ಕೆ ಬದಲಾಗುತ್ತವೆ. ನನಗೆ ಹೆಚ್ಚು ತೊಡಕೆನಿಸಿದ್ದು ಸೈಕೋಡೋಪೈಗಸ್ ವೆಲ್ಕಮೈ ಮತ್ತು ಕಾಂಪ್ಲೆಕ್ಸಸ್ ಜೋಡಿ. ಇವುಗಳ ಗಂಡುಗಳನ್ನು ಗುರುತಿಸಬಹುದು, ಹೆಣ್ಣುಗಳನ್ನು ರೂಪದಿಂದ ಬೇರ್ಪಡಿಸಲಾಗದು. ಆದರೆ ಕಚ್ಚಿ ರೋಗ ದಾಟಿಸುವುದು ಹೆಣ್ಣೇ ಆದ್ದರಿಂದ, ಸೂಕ್ಷ್ಮದರ್ಶಕದ ಕೆಳಗೆ ಪರಾವಲಂಬಿ ಕಂಡ ಹೆಣ್ಣಿಗೆ ಹೆಸರಿಡಲು ಅದೇ ಬಲೆಗೆ ಬಿದ್ದ ಗಂಡುಗಳನ್ನು ನೋಡಬೇಕು, ಇಲ್ಲವೇ ಡಿಎನ್‌ಎಯ ಮೊರೆಹೋಗಬೇಕು.