ಮೂರು ಮಾನಾದ ಕಾರ್ಡನ್ನು ಎರಡಕ್ಕಿಳಿಸಿದ ದಿನ

ಎಂಟು ವರ್ಷ ಕಾರ್ಡ್ ಟೂರ್ನಮೆಂಟ್‌ಗಳನ್ನು ಆಡಿಯೇ ಜೀವನ ನಡೆಸಿದ ಮೇಲೆ ನಾನು ಆಟ ತಯಾರಿಸುವವರ ಕಡೆಗೆ ಬಂದೆ. ಈ ದಾರಿಯನ್ನು ನನಗಿಂತ ಮೊದಲೇ ತುಳಿದವರಿದ್ದಾರೆ. ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ವೃತ್ತಿಪರ ಸ್ಪರ್ಧಾಸರಣಿಯಾದ ಪ್ರೊ ಟೂರ್ ಆರಂಭವಾದದ್ದು 1996ರಲ್ಲಿ; ಮರುವರ್ಷ ಷಿಕಾಗೊದಲ್ಲಿ ನಡೆದ ಪ್ರೊ ಟೂರ್ ಗೆದ್ದ ರ‍್ಯಾಂಡಿ ಬ್ಯೂಲರ್ ಮುಂದೆ ಅದೇ ಆಟದ ಡೆವಲಪ್‌ಮೆಂಟ್ ತಂಡವನ್ನು ಸೇರಿ, ಅದನ್ನು ಮುನ್ನಡೆಸಿದರು. ಗೆಲ್ಲುವ ಕಾರ್ಡನ್ನು ಗುರುತಿಸಬಲ್ಲವರು ಆಟವನ್ನೇ ಕೆಡಿಸುವ ಕಾರ್ಡನ್ನೂ ಗುರುತಿಸಬಲ್ಲರು ಎಂದು ನಾನು ನಂಬಿದ್ದೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಹಾಗೆಯೇ ನಂಬಿದ್ದರು.

ನಾನು ಕೆಲಸ ಮಾಡಿದ ಎರಡನೆಯ ಸೆಟ್‌ನಲ್ಲಿ (ಒಟ್ಟಿಗೆ ಬಿಡುಗಡೆಯಾಗುವ ಕಾರ್ಡ್‌ಗಳ ಸಂಗ್ರಹದಲ್ಲಿ) ಒಂದು ಪುಟ್ಟ ಜೀವಿಯ ಕಾರ್ಡ್ ಇತ್ತು. ಅದನ್ನು ಆಡಿದಾಗ ಒಂದು ಕಾರ್ಡ್ ಎಳೆದುಕೊಳ್ಳಬಹುದು, ಸತ್ತರೆ ಇನ್ನೊಂದು ಮಾನಾ (ಕಾರ್ಡ್ ಆಡಲು ವ್ಯಯಿಸುವ ಶಕ್ತಿ) ಕೊಟ್ಟು ಕೈಗೆ ಮರಳಿಸಿಕೊಳ್ಳಬಹುದು. ವೆಚ್ಚ ಮೂರು ಮಾನಾ. ಪ್ಲೇಟೆಸ್ಟ್‌ನಲ್ಲಿ, ಅಂದರೆ ಬಿಡುಗಡೆಗೆ ಮೊದಲಿನ ಪರೀಕ್ಷಾ ಆಟಗಳಲ್ಲಿ, ಆ ಕಾರ್ಡ್ ಇಟ್ಟು ಕಟ್ಟಿದ ಡೆಕ್‌ನ (ಆಟಗಾರ ಆಡಲು ಜೋಡಿಸಿಕೊಳ್ಳುವ ಕಾರ್ಡ್‌ಗಳ ಕಟ್ಟಿನ) ಎದುರು ಕುಳಿತಾಗಲೆಲ್ಲ ನಾನೇ ಗೆಲ್ಲುತ್ತಿದ್ದೆ, ಆದ್ದರಿಂದ ಕಾರ್ಡ್ ದುರ್ಬಲವೆಂದು ತೀರ್ಮಾನಿಸಿದೆ. ನನ್ನೆದುರು ಕುಳಿತವರು ದಿನವಿಡೀ ನಿಯಮಗಳ ಪಠ್ಯ ತಿದ್ದಿ, ಸಂಜೆ ಒಂದೆರಡು ಆಟ ಆಡಿ ಹೋಗುವವರು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೆದ್ದದ್ದು ನನ್ನ ಅನುಭವವೋ ನನ್ನ ಡೆಕ್ಕೋ ಎಂದು ಬಿಡಿಸಿ ನೋಡುವುದು ನನ್ನ ಹುದ್ದೆಯ ಮೊದಲ ಕರ್ತವ್ಯವಾಗಿತ್ತು.

ಅವರಲ್ಲಿ ಒಬ್ಬ ಸಹೋದ್ಯೋಗಿ ಪರೀಕ್ಷಾ ಆಟಗಳ ಲಾಗ್‌ನಲ್ಲಿ ಹೀಗೆ ಬರೆದಿದ್ದರು: "ಸೋತೆ. ಆದರೆ ನಾಲ್ಕನೇ ಸರದಿಯಿಂದ ಕೊನೆಯವರೆಗೆ ನನ್ನ ಕೈ ಒಮ್ಮೆಯೂ ಖಾಲಿಯಾಗಲಿಲ್ಲ." ಅದರ ಕೆಳಗೆ ನಾನು, ಅವರು ಜೀವಿಯನ್ನು ತಡೆಗೆ ನಿಲ್ಲಿಸಿದ ಸರದಿ ತಪ್ಪಾಗಿತ್ತು ಎಂದು ಬರೆದೆ. ಅವರು ಕಾರ್ಡಿನ ಬಗ್ಗೆ ಒಂದು ಸಂಗತಿ ತಿಳಿಸಿದ್ದರು. ನಾನು ಅವರ ಆಟಕ್ಕೆ ಅಂಕ ಹಾಕಿದೆ. ಈ ನೋವು ಇನ್ನೂ ಮಾಸಿಲ್ಲ.

ಫೈಲ್ ಫ್ರೀಜ್ ಆಗಬೇಕಿದ್ದ (ಆಮೇಲೆ ಯಾವ ಕಾರ್ಡನ್ನೂ ತಿದ್ದುವಂತಿಲ್ಲದ) ದಿನ ಸಂಜೆ ಐದಕ್ಕೆ ಪಟ್ಟಿ ಮುದ್ರಣಾಲಯಕ್ಕೆ ಹೋಗಬೇಕಿತ್ತು. ಮುದ್ರಣದ ಸರದಿಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿ, ಪರೀಕ್ಷೆಗೆ ಉಳಿದ ದಿನಗಳನ್ನು ಅದಕ್ಕೆ ತಕ್ಕಂತೆ ಕತ್ತರಿಸುವುದು ನಮ್ಮ ಆಡಳಿತದ ಪದ್ಧತಿ. ಇದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನಾಲ್ಕೂ ಕಾಲಿನ ಸಭೆಯಲ್ಲಿ ಆ ಕಾರ್ಡನ್ನು ಎರಡು ಮಾನಾಕ್ಕೆ ಇಳಿಸೋಣ, ಇಲ್ಲವಾದರೆ ಆ ಡೆಕ್ಕನ್ನು ಯಾರೂ ಕಟ್ಟುವುದಿಲ್ಲ ಎಂದು ನಾನು ಹೇಳಿದೆ. ತಂಡದ ಮುಖ್ಯಸ್ಥರು ತಲೆಯೆತ್ತಿ, "ಎರಡು ಮಾನಾದಲ್ಲಿ ಎಷ್ಟು ಆಟ ಆಡಿದ್ದೀರಿ?" ಎಂದು ಕೇಳಿದರು.

ಒಂದೂ ಆಡಿರಲಿಲ್ಲ. ಹಾಗೆಂದು ಹೇಳುವುದಕ್ಕೆ ಬದಲಾಗಿ, ನಾನು ಈ ಬಗೆಯ ಡೆಕ್‌ಗಳನ್ನು ವರ್ಷಗಟ್ಟಲೆ ಆಡಿದ್ದೇನೆ, ಇದು ಮೆಟಾವನ್ನು, ಅಂದರೆ ಟೂರ್ನಮೆಂಟ್‌ಗಳಲ್ಲಿ ಚಲಾವಣೆಯಲ್ಲಿರುವ ಡೆಕ್‌ಗಳ ಸಮತೋಲನವನ್ನು, ಅಲುಗಾಡಿಸುವುದಿಲ್ಲ ಎಂದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ. ಆ ಸಹೋದ್ಯೋಗಿ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು. ಅದನ್ನು ನಾನು ಕಂಡೆ, ಕಂಡೂ ಅವರನ್ನು ಮಾತನಾಡಿಸಲಿಲ್ಲ. ಚರ್ಚೆ ಎಂಟು ನಿಮಿಷಗಳಲ್ಲಿ ಮುಗಿಯಿತು. ನಮ್ಮ ಕಾರ್ಡ್ ಡೇಟಾಬೇಸ್‌ನಲ್ಲಿ ಅಂಕಿ ಬದಲಾದರೂ 'ಪರೀಕ್ಷಿಸಲಾಗಿದೆ' ಎಂಬ ಹಸಿರು ಗುರುತು ಅಳಿಸಿಹೋಗುವುದಿಲ್ಲ. ಮೂರು ಮಾನಾದ ಕಾರ್ಡಿಗೆ ಸಿಕ್ಕಿದ್ದ ಹಸಿರನ್ನು ಹೊತ್ತು ಎರಡು ಮಾನಾದ ಕಾರ್ಡ್ ಮುದ್ರಣಕ್ಕೆ ಹೋಯಿತು.

ನನ್ನಲ್ಲಿ ತಿಳಿವಳಿಕೆಯ ಕೊರತೆಯಿರಲಿಲ್ಲ. ಮ್ಯಾಜಿಕ್‌ನ ಸ್ಕಲ್‌ಕ್ಲ್ಯಾಂಪ್ ಕಾರ್ಡ್ ತಯಾರಿಕೆಯ ಕೊನೆಯ ಹಂತದಲ್ಲಿ ಬದಲಾಗಿ, ಹೊಸ ರೂಪದಲ್ಲಿ ಸಾಕಷ್ಟು ಪರೀಕ್ಷೆಯಾಗದೆ 2004ರ ಆರಂಭದಲ್ಲಿ ಹೊರಬಂದು, ಅದೇ ವರ್ಷದ ಜೂನ್‌ನಲ್ಲಿ ಸ್ಟ್ಯಾಂಡರ್ಡ್ ಎಂಬ ಟೂರ್ನಮೆಂಟ್ ಮಾದರಿಯಿಂದ ನಿಷೇಧಗೊಂಡ ಕಥೆಯನ್ನು ತಂಡಕ್ಕೆ ಹೊಸದಾಗಿ ಬಂದವರಿಗೆ ನಾನೇ ಹೇಳುತ್ತಿದ್ದೆ. ಲೆಕ್ಕವೂ ಕಠಿಣವಾಗಿರಲಿಲ್ಲ. ಮೂರು ಮಾನಾ ಇದ್ದಾಗ ಆಡಿ ಮರಳಿಸಿಕೊಳ್ಳುವ ಒಂದು ಸುತ್ತಿಗೆ ನಾಲ್ಕು ಬೇಕಿತ್ತು, ಎರಡಾದ ಮೇಲೆ ಮೂರೇ ಸಾಕು. ಹೀಗಾಗಿ ಐದು ಮಾನಾ ಕೈಯಲ್ಲಿರುವ ಐದನೇ ಸರದಿಯಲ್ಲಿ ಸುತ್ತು ಮುಗಿಸಿದ ಮೇಲೂ ಎದುರಾಳಿಯ ಜೀವಿಯನ್ನು ಕೊಲ್ಲಲು ಎರಡು ಮಾನಾ ಉಳಿಯುತ್ತದೆ, ಆರನೆಯದರಲ್ಲಿ ಎರಡು ಸುತ್ತುಗಳೇ ಆಗುತ್ತವೆ. 60 ಕಾರ್ಡ್‌ಗಳ ಡೆಕ್‌ನಲ್ಲಿ ನಾಲ್ಕು ಪ್ರತಿಗಳಿದ್ದರೆ ಆರಂಭದ ಏಳು ಕಾರ್ಡ್‌ಗಳಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ. 40, ಒಮ್ಮೆ ಬಂದರೆ ಉಳಿದ ಪ್ರತಿಗಳನ್ನು ಅದೇ ಎಳೆದು ತರುತ್ತದೆ. ಆಟಗಾರನಾಗಿದ್ದರೆ ಈ ಲೆಕ್ಕವನ್ನು ನಾನು ಒಂದೇ ಸಂಜೆಯಲ್ಲಿ ಮಾಡಿ ಮುಗಿಸುತ್ತಿದ್ದೆ, ಏಕೆಂದರೆ ಅಲ್ಲಿ ತಪ್ಪಿದರೆ ಬಹುಮಾನ ಕೈತಪ್ಪುತ್ತಿತ್ತು.

ಬಿಡುಗಡೆಯ ನಂತರದ ಮೊದಲ ದೊಡ್ಡ ಟೂರ್ನಮೆಂಟ್‌ನ ನೇರಪ್ರಸಾರವನ್ನು ನಾವೆಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ನೋಡಿದೆವು. ಕೊನೆಯ ಎಂಟರಲ್ಲಿ ಆರು ಡೆಕ್‌ಗಳು ಅದೇ. ಸೆಮಿಫೈನಲ್‌ನ ಮಿರರ್ ಮ್ಯಾಚ್‌ನಲ್ಲಿ (ಎರಡೂ ಕಡೆ ಅದೇ ಡೆಕ್ ಇರುವ ಪಂದ್ಯದಲ್ಲಿ) ಇಬ್ಬರೂ ಆ ಪುಟ್ಟ ಜೀವಿಯನ್ನು ಇಡುವುದು, ಸಾಯಿಸುವುದು, ಮರಳಿ ತೆಗೆದುಕೊಳ್ಳುವುದು ಇಷ್ಟನ್ನೇ ಮಾಡುತ್ತಿದ್ದರು. ಇಬ್ಬರ ಕೈಯೂ ತುಂಬಿತ್ತು, ಆಟ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಲಾಗ್‌ನಲ್ಲಿದ್ದ ಆ ಸಾಲು ಪರದೆಯ ಮೇಲೆ ನಿಮಿಷಗಟ್ಟಲೆ ನಡೆಯಿತು. ನನಗೆ ತಿರುಗಿ ಯಾರ ಮುಖವನ್ನೂ ನೋಡಲಾಗಲಿಲ್ಲ.

ಪರದೆಯ ಮೇಲಷ್ಟೇ ಇರುವ ಆಟವಾಗಿದ್ದರೆ ಪ್ಯಾಚ್ ಕೊಟ್ಟು ವೆಚ್ಚವನ್ನು ಮೂರಕ್ಕೆ ಏರಿಸಬಹುದಿತ್ತು. 2014ರಲ್ಲಿ ಬಂದ ಹಾರ್ತ್‌ಸ್ಟೋನ್‌ನಲ್ಲಿ ಅಂಥ ತಿದ್ದುಪಡಿಗಳು ಹಲವು ಬಾರಿ ಆಗಿವೆ. ಮುದ್ರಿತ ಕಾರ್ಡಿಗೆ ಆ ಅವಕಾಶವಿಲ್ಲ. ಉಳಿದದ್ದು ನಿಷೇಧ. ಅದರ ಪ್ರಕಟಣೆಯ ಕರಡನ್ನು ನಾನೇ ಕೇಳಿ ಪಡೆದು ಬರೆದೆ. ದುಡ್ಡು ಕೂಡಿಸಿ ನಾಲ್ಕು ಪ್ರತಿ ಕೊಂಡ ಆಟಗಾರರಿಗೆ ಅವು ಇನ್ನು ಟೂರ್ನಮೆಂಟ್‌ಗೆ ಬರುವುದಿಲ್ಲ ಎಂದು ಹೇಳುವ ವಾಕ್ಯವನ್ನು ಹಲವು ಬಾರಿ ಹೊಡೆದುಹಾಕಿ ಬರೆಯಬೇಕಾಯಿತು.

ಸಹೋದ್ಯೋಗಿಯ ಬಳಿ ಹೋಗಿ ಕ್ಷಮೆ ಕೇಳಿದಾಗ, "ಆ ದಿನ ನಾನೂ ಮಾತನಾಡಬೇಕಿತ್ತು" ಎಂದಷ್ಟೇ ಅವರು ಹೇಳಿದರು. ಈಗ ಪ್ಲೇಟೆಸ್ಟ್‌ನಲ್ಲಿ ಪ್ರತಿ ಜೋಡಿಯೂ ಅರ್ಧ ಆಟಗಳ ನಂತರ ಡೆಕ್ ಬದಲಿಸಿಕೊಳ್ಳುತ್ತದೆ, ಲಾಗ್‌ನಲ್ಲಿ ಇನ್ನೊಬ್ಬರ ಆಟವನ್ನು ತಿದ್ದುವ ಟಿಪ್ಪಣಿಯನ್ನು ನಾನು ಬರೆಯುವುದಿಲ್ಲ. ಅಂಕಿ ಬದಲಾದ ಕೂಡಲೇ ಹಸಿರು ಗುರುತು ಅಳಿಯುವಂತೆ ಮಾಡಿಕೊಡಿ ಎಂದು ಟೂಲ್ಸ್ ತಂಡಕ್ಕೆ ಮೂರು ಬಾರಿ ಬರೆದಿದ್ದೇನೆ. ಕೆಲಸ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಕೊನೆಯ ವಾರದಲ್ಲಿ ಬದಲಾದ ಕಾರ್ಡ್‌ಗಳ ಪಟ್ಟಿಯನ್ನು ನಾನು ಕೈಯಲ್ಲೇ ಬರೆದು, ಪ್ರತಿ ಹೆಸರಿನ ಮುಂದೆ ಹೊಸ ರೂಪದಲ್ಲಿ ಆಡಿದ ಆಟಗಳ ಸಂಖ್ಯೆಯನ್ನು ನಮೂದಿಸಿ, ಸಭೆಗೆ ಮೊದಲು ಮುಖ್ಯಸ್ಥರ ಮೇಜಿನ ಮೇಲೆ ಇಡುತ್ತೇನೆ.