ಎನ್‌ಡಿಎಗೆ ಮಗನನ್ನು ಕಳಿಸಿದ ಮೇಲೆ

ಎನ್‌ಡಿಎ, ಅಂದರೆ ಸೇನೆಯ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ, ಅದರ ರಿಸಲ್ಟ್ ಬಂತು ಅಂದರೆ ನನ್ನ ಫೋನ್ ಸುಮ್ಮನಿರುವುದಿಲ್ಲ. ಧಾರವಾಡದಲ್ಲಿ ಯಾರದೋ ಅಕ್ಕನ ಮಗ, ಯಾರದೋ ಆಫೀಸಿನವರ ಮಗಳು. ಯಾವ ಕೋಚಿಂಗ್ ಚಲೋ, ಬೆಂಗಳೂರಿನ ಎಸ್‌ಎಸ್‌ಬಿ ಸಂದರ್ಶನದಲ್ಲಿ ಐದು ದಿನ ಏನೇನು ಮಾಡಿಸುತ್ತಾರೆ, ಮೆಡಿಕಲ್‌ನಲ್ಲಿ ಹಲ್ಲು ಕೂಡ ನೋಡುತ್ತಾರಾ, ಎಲ್ಲರದ್ದೂ ಇಂಥದ್ದೇ ಪ್ರಶ್ನೆ. ಸೇರಿದ ಮೇಲೆ ಮನೆಯವರ ಕೆಲಸ ಏನು ಅಂತ ಯಾರೂ ಕೇಳಲ್ಲ. ಶಾಲು, ಹಾರ, ಪೇಪರ್‌ನಲ್ಲಿ ಫೋಟೋ, ಅಲ್ಲಿಗೆ ಮುಗೀತು ಅಂದುಕೊಂಡಿರುತ್ತಾರೆ. ನನ್ನ ಮಗ ಈಗ ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಯಲ್ಲಿ ಆರನೇ ಟರ್ಮ್‌ನಲ್ಲಿದ್ದಾನೆ. ಒಂದು ಟರ್ಮ್ ಅಂದರೆ ಆರು ತಿಂಗಳು, ಇದು ಕೊನೆಯದು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ದುಡ್ಡಿನ ವಿಷಯ ಬೇಗ ಮುಗಿಸೋಣ. ಊಟ, ವಸತಿ, ಯೂನಿಫಾರ್ಮ್, ಪುಸ್ತಕ, ಚಿಕಿತ್ಸೆ ಎಲ್ಲ ಸರ್ಕಾರದ್ದು. ನಾವು ಸೇರುವಾಗ ಒಂದಿಷ್ಟು ಡೆಪಾಸಿಟ್ ಕಟ್ಟಬೇಕು, ಪಾಕೆಟ್ ಮನಿ ಕೊಡಬೇಕು. ಮೂರು ವರ್ಷ ಸಂಬಳ ಇಲ್ಲ. ಎನ್‌ಡಿಎ ಮುಗಿಸಿ ಮುಂದಿನ ಟ್ರೈನಿಂಗ್‌ಗೆ ಆರ್ಮಿಯವರು ಡೆಹ್ರಾಡೂನಿನ ಐಎಂಎಗೆ (ಇಂಡಿಯನ್ ಮಿಲಿಟರಿ ಅಕಾಡೆಮಿ), ನೇವಿಯವರು ಕೇರಳದ ಏಳಿಮಲಕ್ಕೆ, ಏರ್‌ಫೋರ್ಸ್‌ನವರು ಹೈದರಾಬಾದ್ ಹತ್ತಿರದ ದುಂಡಿಗಲ್‌ಗೆ ಹೋಗುತ್ತಾರಲ್ಲ, ಆಗ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಶುರುವಾಗುತ್ತದೆ.

ದುಡ್ಡಿಗಿಂತ ಮುಖ್ಯವಾದದ್ದು ಕಾಗದಪತ್ರ. ಸೇರುವಾಗ ತಂದೆ-ತಾಯಿ ಸಹಿ ಹಾಕುವ ಒಂದು ಕಾಗದವಿದೆ. ಟ್ರೈನಿಂಗ್‌ನಲ್ಲಿ ಗಾಯವಾದರೂ, ಅದರಿಂದ ಊನವಾದರೂ, ಜೀವ ಹೋದರೂ ಪರಿಹಾರ ಕೇಳುವ ಹಕ್ಕು ನಮಗಿಲ್ಲ ಅಂತ ಅದರಲ್ಲಿರುತ್ತದೆ. ಜೊತೆಗೆ ಒಂದು ಬಾಂಡ್. ಹುಡುಗ ತನ್ನ ಇಷ್ಟದಿಂದ ನಡುವೆ ಬಿಟ್ಟು ಬಂದರೆ ಟ್ರೈನಿಂಗ್ ಖರ್ಚು ವಾಪಸ್ ಕಟ್ಟಬೇಕು. ಸೆಲೆಕ್ಟ್ ಆದ ಖುಷಿಯಲ್ಲಿ ಎಷ್ಟೋ ಜನ ಓದದೆ ಸಹಿ ಹಾಕುತ್ತಾರೆ. ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ, ಮಗ ಅಥವಾ ಮಗಳೂ ಕೇಳಿಸಿಕೊಳ್ಳಲಿ. ದೊಡ್ಡ ಗಾಯವಾಗಿ ಮೆಡಿಕಲ್ ಬೋರ್ಡ್ ಮನೆಗೆ ಕಳಿಸಿದರೆ ಮಾಜಿ ಸೈನಿಕ ಅನ್ನುವ ಸ್ಥಾನ ಸಿಗುವುದಿಲ್ಲ, ಯಾಕೆಂದರೆ ಅವರಿಗೆ ಇನ್ನೂ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಆಗಿರುವುದಿಲ್ಲ. ಪಿಂಚಣಿಯ ಬದಲು ತಿಂಗಳಿಗಿಷ್ಟು ಅಂತ ಎಕ್ಸ್‌ಗ್ರೇಷಿಯಾ (ಅನುಗ್ರಹದ ಹಣ) ಬರುತ್ತದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಇಂಥ ಕೆಡೆಟ್‌ಗಳಿಗೂ (ಟ್ರೈನಿಂಗ್‌ನಲ್ಲಿರುವವರಿಗೆ ಹಾಗನ್ನುತ್ತಾರೆ) ಇಸಿಎಚ್‌ಎಸ್ ಅನ್ನುವ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆ ಸಿಗುವ ಹಾಗಾಯಿತು. ದೇಶಸೇವೆ ಅಂದಮೇಲೆ ಇದನ್ನೆಲ್ಲ ಕೇಳಬಾರದು ಅನ್ನುವವರಿದ್ದಾರೆ. ಅವರ ಮಕ್ಕಳು ಎಲ್ಲಿದ್ದಾರೆ ಅಂತ ಒಂದ್ಸಲ ವಿಚಾರಿಸಿ ನೋಡಿ.

ಇನ್ನು ಮೊದಲ ಟರ್ಮ್. ಸೇರಿದ ಕೂಡಲೇ ಕೂದಲು ಹೋಗುತ್ತದೆ, ಫೋನ್ ಹೋಗುತ್ತದೆ. ಡ್ರಿಲ್ ಸ್ಕ್ವೇರ್ ಟೆಸ್ಟ್, ಅಂದರೆ ಕವಾಯತಿನ ಪರೀಕ್ಷೆ, ಪಾಸಾಗುವ ತನಕ ಭಾನುವಾರ ಪುಣೆಗೆ ಹೋಗಲೂ ಬಿಡುವುದಿಲ್ಲ. ಹೊರಗೆ ಹೋಗಲು ಸಿಗುವ ಆ ರಜೆಗೆ ಅವರು ‘ಲಿಬರ್ಟಿ’ ಅನ್ನುತ್ತಾರೆ. ಶಿಕ್ಷೆಗೆ ‘ರಗಡಾ’ ಅನ್ನುತ್ತಾರೆ, ಫ್ರಂಟ್ ರೋಲ್ ಹಾಕಿಸುವುದು, ಓಡಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಡ್ರೆಸ್ ಬದಲಾಯಿಸಿ ಬಂದು ನಿಲ್ಲಿ ಅನ್ನುವುದು. ಅದರಲ್ಲಿ ಹತ್ತಿರದ ಸಿಂಹಗಡ ಕೋಟೆ ಹತ್ತಿ ಇಳಿದು ಬರುವುದೂ ಒಂದು. ನಮ್ಮ ಮಾವನವರಿಗೆ ಇದು ಗೊತ್ತಿರಲಿಲ್ಲ. ಮೊಮ್ಮಗ ಫೋನಿನಲ್ಲಿ ಸಿಂಹಗಡ ಅಂದ ಕೂಡಲೇ, "ಅಲ್ಲಿ ಝುಣಕಾ ಭಾಕರಿ ಭಾಳ ಚಲೋ ಸಿಗತೈತಿ, ತಿಂದೀಯೇನು?" ಅಂತ ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಜೋರು ನಗು. ಆ ಟರ್ಮ್‌ನಲ್ಲಿ ಅವನು ನಕ್ಕಿದ್ದು ಕೇಳಿಸಿದ್ದು ಅದೇ ಮೊದಲು ಅಂತ ಕಾಣುತ್ತದೆ.

ಫೋನ್ ಮಾಡಲು ಅವರಿಗೆ ಸಿಗುವುದು ಕೆಲವೇ ನಿಮಿಷ, ಹಿಂದೆ ಹುಡುಗರು ಕಾಯುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಎರಡು ಮಾತು ನಿಷಿದ್ಧವಾಗಿದ್ದವು. "ಆಗದಿದ್ದರ ಬಂದುಬಿಡು" ಅನ್ನಬಾರದು. "ಮಾನ ಕಳೀಬ್ಯಾಡ" ಅಂತಲೂ ಅನ್ನಬಾರದು. ದಣಿದಾಗ ಮೊದಲನೆಯದನ್ನು ಕೇಳಿದರೆ ಕಾಲು ಅರ್ಧ ಮನೆ ಕಡೆ ತಿರುಗಿರುತ್ತದೆ. ಎರಡನೆಯದನ್ನು ಕೇಳಿದ ಹುಡುಗ ಮುಂದೆ ನಿಜ ಹೇಳುವುದನ್ನೇ ಬಿಡುತ್ತಾನೆ, ಕಾಲು ನೋವಿದ್ದರೂ ಬಾಯಿ ಬಿಡುವುದಿಲ್ಲ. ಹಾಗಾದರೆ ಏನು ಮಾತಾಡುವುದು? ಊರಿನ ಸುದ್ದಿ. ನಾನು ಪಕ್ಕದ ಮನೆಯವರ ನಾಯಿ ಮರಿ ಹಾಕಿದ್ದು, ಕಾಕಾನ ಹೊಸ ಸ್ಕೂಟರ್, ಜಾತ್ರೆಯಲ್ಲಿ ಮಳೆ ಬಂದಿದ್ದು, ಇಂಥವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. "ಊಟ ಮಾಡಿದೀಯೇನು?" ಅಂತ ಕೇಳಬಹುದು, ಅದನ್ನು ಯಾರೂ ತಪ್ಪಿಸಲಾರರು.

ಎರಡನೇ ಟರ್ಮ್‌ನಲ್ಲಿ ಅವನ ಮೊಣಕಾಲ ಕೆಳಗಿನ ಎಲುಬಿಗೆ ಸ್ಟ್ರೆಸ್ ಫ್ರ್ಯಾಕ್ಚರ್ ಆಯಿತು. ಬಿದ್ದು ಮುರಿದದ್ದಲ್ಲ, ದಿನಾ ಓಡಿ ಓಡಿ ಎಲುಬಿನಲ್ಲಿ ಸಣ್ಣ ಬಿರುಕು ಬರುವುದು. ಇಂಥ ಟ್ರೈನಿಂಗ್‌ನಲ್ಲಿ ಇದು ತುಂಬ ಸಾಮಾನ್ಯ. ಔಷಧಿ ಅಂದರೆ ವಿಶ್ರಾಂತಿಯೇ, ಆದರೆ ವಿಶ್ರಾಂತಿ ತಗೊಂಡರೆ ಪಿಟಿ ಟೆಸ್ಟ್ ಕೊಡಲು ಆಗುವುದಿಲ್ಲ. ಟೆಸ್ಟ್ ಕೊಡದಿದ್ದರೆ ಟರ್ಮ್ ದಾಟುವುದಿಲ್ಲ. ಇದಕ್ಕೆ ‘ರೆಲಿಗೇಶನ್’ ಅನ್ನುತ್ತಾರೆ, ಆರು ತಿಂಗಳು ಹಿಂದೆ ಬೀಳುವುದು. ಜೊತೆಗೆ ಬಂದ ಕೋರ್ಸ್‌ಮೇಟ್‌ಗಳು ಮುಂದೆ ಹೋಗುತ್ತಾರೆ, ಇವನು ನಿನ್ನೆಯ ತನಕ ಜೂನಿಯರ್ ಆಗಿದ್ದವರ ಜೊತೆ ನಿಲ್ಲಬೇಕು. ಹದಿನೆಂಟು ವರ್ಷದ ಹುಡುಗನಿಗೆ ಕಾಲು ನೋವಿಗಿಂತ ಇದೇ ಜಾಸ್ತಿ ನೋವು.

ಸಿಕ್ ಲೀವ್‌ನಲ್ಲಿ ಮನೆಗೆ ಬಂದ. ಬಂದವರೆಲ್ಲ "ಫೇಲ್ ಆದನೇನು?" ಅಂತ ಕೇಳುವವರೇ. ಮದುವೆ ಮನೆಯಲ್ಲಂತೂ ಒಬ್ಬರು, ಬಿಡಿಸಿಬಿಡ್ರಿ, ಇಂಜಿನಿಯರಿಂಗ್ ಸೀಟು ಇನ್ನೂ ಸಿಗತಾವ ಅಂತ ಅವನ ಎದುರಿಗೇ ಹೇಳಿದರು. ನಮ್ಮ ಮನೆಯವರು ಜಾಸ್ತಿ ಮಾತಾಡುವವರಲ್ಲ. ಅವತ್ತು ಮಾತ್ರ, "ಎಲುಬು ಕೂಡಬೇಕು, ಅದಕ್ಕ ಆರು ತಿಂಗಳು ಕೊಟ್ಟಾರ, ನೀವು ಊಟಾ ಮಾಡ್ರಿ" ಅಂದರು. ಅದಾದ ಮೇಲೆ ಎಲ್ಲರಿಗೂ ನಮ್ಮ ಉತ್ತರ ಅದೇ ಆಯಿತು. ಮನೆಯಲ್ಲಿ ಅವನನ್ನು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ನಿದ್ದೆ ಮಾಡಿದ, ಮತ್ತೆ ನಿದ್ದೆ ಮಾಡಿದ. ಮುದ್ದೆಯಾಗಿದ್ದ ಬಟ್ಟೆಯನ್ನು ನಾನು ಒಗೆಯಲು ತಗೊಂಡರೆ ಕಿತ್ತುಕೊಂಡು ತಾನೇ ಒಗೆದು ಇಸ್ತ್ರಿ ಮಾಡಿದ. ವಾಪಸ್ ಹೋಗುತ್ತೀಯಾ ಅಂತ ನಾವು ಕೇಳಲಿಲ್ಲ, ಟಿಕೆಟ್ ಅವನೇ ಮಾಡಿಸಿಕೊಂಡ.

ಕೆಡೆಟ್‌ಗಳನ್ನು ನೋಡಿಕೊಳ್ಳುವ ಡಿವಿಷನಲ್ ಆಫೀಸರ್‌ಗೆ ಫೋನ್ ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಮಗ ದಣಿದಿದ್ದಾನೆ, ಬೈದರಂತೆ, ಓಡಿಸಿದರಂತೆ ಅಂತೆಲ್ಲ ಮಾಡಬೇಡಿ. ಅದು ಸ್ಕ್ವಾಡ್ರನ್‌ನಲ್ಲಿ, ಅಂದರೆ ಅವನ ಜೊತೆ ಇರುವ ಕೆಡೆಟ್‌ಗಳ ತಂಡದಲ್ಲಿ, ಗೊತ್ತಾದರೆ ಅವನಿಗೇ ಮುಜುಗರ. ಆದರೆ ಸೀನಿಯರ್‌ಗಳು ಕೈ ಮಾಡಿದ್ದಾರೆ, ಗಾಯವಿದ್ದರೂ ಡಾಕ್ಟರ್ ಹತ್ತಿರ ಬಿಡುತ್ತಿಲ್ಲ, ಅಥವಾ ಅವನ ಮಾತಿನ ಧಾಟಿಯೇ ಬದಲಾಗಿದೆ, ಬದುಕೇ ಬೇಡ ಅನ್ನುವ ಥರ ಮಾತಾಡುತ್ತಾನೆ ಅಂದರೆ ಒಂದು ನಿಮಿಷವೂ ಕಾಯಬೇಡಿ. ಕಷ್ಟ ಬೇರೆ, ಕ್ರೌರ್ಯ ಬೇರೆ. ತಾಯಂದಿರಿಗೆ ಆ ವ್ಯತ್ಯಾಸ ಧ್ವನಿಯಲ್ಲೇ ತಿಳಿಯುತ್ತದೆ ಅಂತ ಹೇಳುತ್ತಾರೆ. ಯಾವಾಗಲೂ ತಿಳಿಯುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಮಗಳನ್ನು ಕಳಿಸಬಹುದಾ ಅಂತಲೂ ಕೇಳುತ್ತಾರೆ. 2022ರಲ್ಲಿ ಎನ್‌ಡಿಎಗೆ ಮೊದಲ ಸಲ ಹುಡುಗಿಯರು ಸೇರಿದರು, 2025ರ ಮೇ 30ಕ್ಕೆ ಅವರಲ್ಲಿ 17 ಜನ ಪಾಸ್‌ಔಟ್ ಆದರು. ಮಗಳಿಗೆ ಮನಸ್ಸಿದ್ದರೆ ಕಳಿಸಿ. ಈಗಿನಿಂದಲೇ ಓಟ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ, ಕಬ್ಬಿಣಾಂಶ, ವಿಟಮಿನ್ ಡಿ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಹುಡುಗರಿಗೂ ಮಾಡಿಸಿ.

ಈಗ ನಮ್ಮ ಮನೆಯಲ್ಲಿ ಪಾಸಿಂಗ್ ಔಟ್ ಪರೇಡ್‌ನದ್ದೇ ಮಾತು. ಮಾವನವರು ಹೊಸ ಕೋಟು ಹೊಲಿಸುತ್ತಿದ್ದಾರೆ. ನಾದಿನಿಯವರು ಪುಣೆಯಲ್ಲಿ ಎಲ್ಲರಿಗೂ ರೂಮ್ ನೋಡಿದ್ದಾರೆ, ಪರೇಡ್ ಹೊತ್ತಿಗೆ ರೇಟ್ ಏರುತ್ತದೆ, ಈಗಲೇ ದುಡ್ಡು ಕಟ್ಟಿಬಿಡೋಣ ಅಂತ ಅವಸರ. ಆದರೆ ಕೊನೆಯ ಟರ್ಮ್‌ನಲ್ಲೂ ರೆಲಿಗೇಶನ್ ಆಗುವುದುಂಟು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮನ್ನೇ ಹಿಡಿಯಿರಿ ಅಂತ ಹೇಳಿದ್ದೇನೆ.